73 ದಿನಗಳ ಮುಖ್ಯಮಂತ್ರಿ: ಕಡಿದಾಳ್ ಮಂಜಪ್ಪನವರು ಮತ್ತು ಮೇಗುಂದ ಸೀಮೆಯ ಭೂಮಿ

ಕರ್ನಾಟಕದ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಕಡಿದಾಳ್ ಮಂಜಪ್ಪನವರ ಹೆಸರಿನ ಮುಂದೆ ಎರಡು ದಿನಾಂಕಗಳಿವೆ: 1956ರ ಆಗಸ್ಟ್ 19 ಮತ್ತು 1956ರ ಅಕ್ಟೋಬರ್ 31. ನಡುವಿನ ಅವಧಿ 73 ದಿನಗಳು. ಅವರಿಗಿಂತ ಹಿಂದೆ ಕೆಂಗಲ್ ಹನುಮಂತಯ್ಯನವರ ನಾಲ್ಕು ವರ್ಷಗಳ ಆಡಳಿತವಿದೆ, ವಿಧಾನಸೌಧವಿದೆ. ಮುಂದೆ ಎಸ್. ನಿಜಲಿಂಗಪ್ಪನವರು ಇದ್ದಾರೆ, ಏಕೀಕೃತ ರಾಜ್ಯವಿದೆ. ಈ ಎರಡು ಎತ್ತರಗಳ ನಡುವೆ ಮಂಜಪ್ಪನವರ ಅಧಿಕಾರಾವಧಿಯು ಒಂದು ಕಣಿವೆಯಂತೆ ಕಾಣುತ್ತದೆ. ಪಠ್ಯಪುಸ್ತಕಗಳು ಅವರನ್ನು ಒಂದು ವಾಕ್ಯದಲ್ಲಿ ದಾಟುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳು 'ಏಕೀಕರಣಪೂರ್ವ ಮೈಸೂರಿನ ಕೊನೆಯ ಮುಖ್ಯಮಂತ್ರಿ' ಎಂಬ ಒಂದೇ ಉತ್ತರದಲ್ಲಿ ಅವರನ್ನು ಮುಗಿಸುತ್ತವೆ.

ರಾಜಕೀಯ ಚರಿತ್ರೆಯನ್ನು ಅಧಿಕಾರದ ದಿನಗಳಿಂದ ಅಳೆಯುವ ಕ್ರಮ ಹೊಸದಲ್ಲ. ಅರಸರ ಆಳ್ವಿಕೆಯ ವರ್ಷಗಳನ್ನು ಎಣಿಸಿ ಚರಿತ್ರೆ ಬರೆದ ರೂಢಿಯೇ ಪ್ರಜಾಪ್ರಭುತ್ವಕ್ಕೂ ಮುಂದುವರಿದಿದೆ. ಆದರೆ ಮಂಜಪ್ಪನವರ ಬದುಕನ್ನು ಈ ಅಳತೆಗೋಲಿನಿಂದ ಅಳೆದರೆ ಅವರು ಮಾಡಿದ ಮುಖ್ಯವಾದ ಕೆಲಸವೇ ಲೆಕ್ಕದ ಹೊರಗೆ ಉಳಿಯುತ್ತದೆ. ಆ ಕೆಲಸ ನಡೆದದ್ದು ಮುಖ್ಯಮಂತ್ರಿಯ ಪೀಠದಲ್ಲಲ್ಲ, ಕಂದಾಯ ಸಚಿವಾಲಯದಲ್ಲಿ. ಅದರ ಫಲ ಮತ್ತು ಅದರ ಬೆಲೆ ಎರಡನ್ನೂ ಹೆಚ್ಚು ಸ್ಪಷ್ಟವಾಗಿ ಕಂಡ ನೆಲಗಳಲ್ಲಿ ಅವರನ್ನು ಶಾಸನಸಭೆಗೆ ಆರಿಸಿ ಕಳುಹಿಸಿದ ಮೇಗುಂದ ಸೀಮೆಯೂ ಒಂದು.

ದತ್ತಿಯ ನೆಲ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನು ಒಳಗೊಂಡ ಈ ಮಲೆನಾಡಿನ ಭೂಮಿಗೆ ದಾನದ ದೀರ್ಘ ಇತಿಹಾಸವಿದೆ. ಉತ್ತರದ ನೆರೆಯಲ್ಲಿರುವ ಹುಂಚದಲ್ಲಿ ಸಾಂತರರು ಬಸದಿಗಳನ್ನು ಕಟ್ಟಿಸಿ ಭೂಮಿಯನ್ನು ದತ್ತಿ ಬಿಟ್ಟರು. ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇಂದಿಗೂ ಅದಕ್ಕೆ ಸಾಕ್ಷಿ. ಶೃಂಗೇರಿಯ ಪೇಟೆಯ ನಡುವೆ 12ನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. 1346ರಲ್ಲಿ ವಿಜಯನಗರದ ಮೊದಲನೆಯ ಹರಿಹರನು ಸೋದರರೊಡನೆ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂದಾನ ಮಾಡಿದನು. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಸನ್ನಿಧಿಯೂ ಜೈನಮಠವೂ ಇವೆ. ಧರ್ಮ ಯಾವುದೇ ಇರಲಿ, ಏರ್ಪಾಡು ಒಂದೇ ಬಗೆಯದು. ಅರಸನು ಅಥವಾ ಸಾಮಂತನು ಭೂಮಿಯ ಆದಾಯವನ್ನು ದೇವರಿಗೆ, ಗುರುವಿಗೆ, ವಿದ್ವಾಂಸನಿಗೆ ಬಿಟ್ಟುಕೊಡುತ್ತಾನೆ. ಅದನ್ನು ಅಳಿದವನಿಗೆ ನರಕವೆಂದು ಶಾಸನದ ಕೊನೆಯಲ್ಲಿ ಶಾಪವನ್ನು ಕೆತ್ತಿಸುತ್ತಾನೆ.

ಈ ಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಬರೆದ ಕವಿಯ ಮತ್ತು ಕೆತ್ತಿದ ರೂವಾರಿಯ ಹೆಸರೂ ಎಷ್ಟೋ ಕಡೆ ಇದೆ. ಆ ಗದ್ದೆಯನ್ನು ಉತ್ತವನ ಹೆಸರು ಮಾತ್ರ ಬಹುಮಟ್ಟಿಗೆ ಇಲ್ಲ. ದತ್ತಿಯ ಭೂಮಿಗೆ ಎಲ್ಲೆಗಲ್ಲು ನೆಟ್ಟವರು ಅದರೊಳಗೆ ನಿಂತಿದ್ದ ಒಕ್ಕಲನ್ನು ದಾಖಲಿಸಲಿಲ್ಲ. 20ನೆಯ ಶತಮಾನದ ಮಧ್ಯದ ವೇಳೆಗೂ ಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಇನಾಮು, ಉಂಬಳಿ, ಮಾನ್ಯ, ಜಾಗೀರು ಎಂಬ ಹೆಸರುಗಳಲ್ಲಿ ಹಳೆಯ ದತ್ತಿಗಳು ಮುಂದುವರಿದಿದ್ದವು. ಶೃಂಗೇರಿ ಮೈಸೂರು ಸಂಸ್ಥಾನದೊಳಗೆ ಒಂದು ಜಾಗೀರಾಗಿಯೇ ಇತ್ತು.

ಇನಾಮಿನ ಜೊತೆಗೆ ಮಲೆನಾಡಿನಲ್ಲಿ ಇನ್ನೊಂದು ಬಗೆಯ ಒಡೆತನವಿತ್ತು. ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಪಟ್ಟೆದಾರನು ತನ್ನ ಗದ್ದೆಯನ್ನು ಗೇಣಿಗೆ ಕೊಡುತ್ತಿದ್ದನು. ಗೇಣಿಯ ಕರಾರು ಬಹುಪಾಲು ಬಾಯಿಮಾತಿನದು; ಗೇಣಿದಾರನ ಕೈಯಲ್ಲಿ ಕಾಗದವಿಲ್ಲ, ಪಹಣಿಯಲ್ಲಿ ಅವನ ಹೆಸರಿಲ್ಲ. ಭತ್ತವನ್ನು ಅಳೆಯುವ ಕೊಳಗದ ಗಾತ್ರವನ್ನು ನಿರ್ಧರಿಸುತ್ತಿದ್ದವನೂ ಧಣಿಯೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತನದಲ್ಲಿ ಗೇಣಿದಾರರು ಸಿಡಿದೆದ್ದದ್ದು ಈ ಕೊಳಗದ ಅಳತೆಯ ಅನ್ಯಾಯದ ವಿರುದ್ಧ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದ ಮೇಲೆ ಮಲೆನಾಡಿನ ಗೇಣಿಯ ಪ್ರಶ್ನೆ ರಾಷ್ಟ್ರದ ಕಿವಿಗೂ ಬಿದ್ದಿತು.

ಆ ಸಮಾಜದ ಅಂತರಂಗವನ್ನು ಅರಿಯಲು ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುವೆಂಪು ಅವರ ಎರಡು ಕಾದಂಬರಿಗಳೇ ಸಾಕು. 'ಕಾನೂರು ಹೆಗ್ಗಡಿತಿ' 1936ರಲ್ಲಿಯೂ 'ಮಲೆಗಳಲ್ಲಿ ಮದುಮಗಳು' 1967ರಲ್ಲಿಯೂ ಪ್ರಕಟವಾದವು. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನಲ್ಲಿದೆ, ಬೆಳೆದ ಕುಪ್ಪಳಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಮಂಜಪ್ಪನವರದೂ ಇದೇ ಎರಡು ತಾಲ್ಲೂಕುಗಳ ಲೋಕ. ಕುವೆಂಪು ಆ ಲೋಕದ ಧಣಿಯನ್ನೂ ಒಕ್ಕಲನ್ನೂ ಜೀತದಾಳನ್ನೂ ಕಥೆಯಲ್ಲಿ ಹಿಡಿದಿಟ್ಟರು. ಅವರಿಗಿಂತ ನಾಲ್ಕು ವರ್ಷ ಕಿರಿಯರಾದ ಮಂಜಪ್ಪನವರು ಅವರ ನಡುವಿನ ಸಂಬಂಧವನ್ನು ಕಾನೂನಿನ ವಿಧಿಗಳಲ್ಲಿ ಬದಲಿಸಲು ಹೊರಟರು.

ಮನೆತನದ ಹೆಸರು, ಗಾಂಧಿಯ ದಾರಿ

ಮಂಜಪ್ಪನವರು 1908ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹಾರೋಗೊಳಿಗೆಯಲ್ಲಿ ಜನಿಸಿದರು. ಮಲೆನಾಡಿನಲ್ಲಿ ವ್ಯಕ್ತಿಯನ್ನು ಮನೆಯ ಹೆಸರಿನಿಂದ ಗುರುತಿಸುವುದು ರೂಢಿ. 'ಕಡಿದಾಳ್' ಎಂಬುದು ಹಾಗೆ ಬಂದ ಹೆಸರು. ಒಕ್ಕಲಿಗ ಕೃಷಿಕ ಮನೆತನದಿಂದ ಬಂದ ಅವರು ಕಾನೂನು ಓದಿ ವಕೀಲರಾದರು. ಗಾಂಧೀಜಿಯ ಪ್ರಭಾವಕ್ಕೆ ಒಳಗಾಗಿ ಸ್ವಾತಂತ್ರ್ಯ ಚಳವಳಿಯನ್ನು ಸೇರಿದರು. ಶಿವಮೊಗ್ಗ ಜಿಲ್ಲೆಯ ಚಳವಳಿ ಸೌಮ್ಯವಾದುದೇನೂ ಆಗಿರಲಿಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು, ಮರುವರ್ಷ ಅದರ ಐವರು ಗಲ್ಲಿಗೇರಿದರು. ಸ್ವಾತಂತ್ರ್ಯ ಬಂದ ಮೇಲೆಯೂ ಮೈಸೂರಿನ ಜನ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಹೂಡಬೇಕಾಯಿತು. 1947ರ ಅಕ್ಟೋಬರ್ 25ರಂದು ಕೆ. ಚೆಂಗಲರಾಯ ರೆಡ್ಡಿಯವರ ಸಂಪುಟ ಅಧಿಕಾರಕ್ಕೆ ಬಂದದ್ದು ಆ ಹೋರಾಟದ ಫಲ.

1952ರ ಮೊದಲ ಮಹಾಚುನಾವಣೆಯಲ್ಲಿ ಮಂಜಪ್ಪನವರು ತೀರ್ಥಹಳ್ಳಿ-ಕೊಪ್ಪ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಆಯ್ಕೆಯಾದರು. ಅದೇ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿಯಾಗಿ ಗೆದ್ದು ಬಂದರು. ಒಂದೇ ತಾಲ್ಲೂಕಿನ ಇಬ್ಬರು, ಒಬ್ಬರು ಆಡಳಿತಪಕ್ಷದಲ್ಲಿ, ಇನ್ನೊಬ್ಬರು ಎದುರಿನಲ್ಲಿ; ಇಬ್ಬರ ಮಾತಿನ ವಸ್ತುವೂ ಭೂಮಿಯೇ. ಕಾಗೋಡಿನ ಗದ್ದೆಯ ಅಂಚಿನಲ್ಲಿ ನಿಂತು ಗೋಪಾಲಗೌಡರು ಎತ್ತಿದ ಪ್ರಶ್ನೆಗೆ ಕಡತದಲ್ಲಿ ಉತ್ತರ ಬರೆಯುವ ಹೊಣೆ ಮಂಜಪ್ಪನವರದಾಯಿತು. ಮುಂದೆ ಗೋಪಾಲಗೌಡರ ವ್ಯಕ್ತಿತ್ವ ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಗೆ ಪ್ರೇರಣೆಯಾಯಿತು. ಕಾನೂನು ರಚಿಸಿದವನಿಗೆ ಅಂಥ ಕಾದಂಬರಿಕಾರ ದೊರೆಯಲಿಲ್ಲ. ಹೋರಾಟದಲ್ಲಿ ಕಥೆಯಿದೆ, ಕಾನೂನಿನ ಉಪವಿಧಿಗಳಲ್ಲಿ ಕಥೆ ಕಾಣುವುದು ಕಷ್ಟ.

ಕಂದಾಯ ಸಚಿವ

ಹನುಮಂತಯ್ಯನವರ ಸಂಪುಟದಲ್ಲಿ ಮಂಜಪ್ಪನವರು ಕಂದಾಯ ಸಚಿವರಾಗಿದ್ದರು. ಆ ಕಾಲದಲ್ಲಿ ಮೈಸೂರು ರಾಜ್ಯದ ಭೂವ್ಯವಸ್ಥೆಗೆ ಸಂಬಂಧಿಸಿದ ಮೂರು ಶಾಸನಗಳು ಗಮನಾರ್ಹ. ಮೊದಲನೆಯದು 1952ರ ಮೈಸೂರು ಗೇಣಿ ಶಾಸನ. ಎರಡನೆಯದು 1954ರ ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ದತಿ ಶಾಸನ. ಮೂರನೆಯದು 1955ರ ಧಾರ್ಮಿಕ ಮತ್ತು ದತ್ತಿ ಇನಾಮುಗಳ ರದ್ದತಿ ಶಾಸನ.

ಗೇಣಿ ಶಾಸನವು ಪಟ್ಟೆದಾರ ಮತ್ತು ಗೇಣಿದಾರರ ಸಂಬಂಧವನ್ನು ನಿಯಂತ್ರಿಸಲು ಯತ್ನಿಸಿತು. ಇನಾಂ ರದ್ದತಿಯ ಶಾಸನಗಳು ಅದಕ್ಕಿಂತ ಮುಂದೆ ಹೋದವು. ಅವು ಇನಾಮುದಾರನನ್ನು ಸರ್ಕಾರ ಮತ್ತು ಸಾಗುವಳಿದಾರರ ನಡುವಿನಿಂದಲೇ ತೆಗೆದುಹಾಕಿದವು. ಇನಾಂ ಗ್ರಾಮ ಸರ್ಕಾರದಲ್ಲಿ ನಿಹಿತವಾಗುತ್ತದೆ, ಇನಾಮುದಾರನಿಗೆ ಪರಿಹಾರ ದೊರೆಯುತ್ತದೆ, ಸಾಗುವಳಿದಾರನು ನೇರವಾಗಿ ಸರ್ಕಾರದ ರೈತನಾಗುತ್ತಾನೆ. ಸಾಗುವಳಿದಾರರನ್ನು ಕದೀಂ ಗೇಣಿದಾರರು, ಕಾಯಂ ಗೇಣಿದಾರರು, ಅರೆಕಾಯಂ ಗೇಣಿದಾರರು ಎಂದು ವರ್ಗೀಕರಿಸಿ, ಪ್ರತಿಯೊಂದು ವರ್ಗಕ್ಕೂ ಪ್ರತ್ಯೇಕ ಹಕ್ಕನ್ನು ನಿಗದಿಪಡಿಸಲಾಯಿತು. ಶತಮಾನಗಳ ಕಾಲ ಯಾವ ಶಿಲಾಶಾಸನದಲ್ಲಿಯೂ ಹೆಸರಿಲ್ಲದಿದ್ದ ಒಕ್ಕಲಿಗೆ ಕಾನೂನಿನ ಭಾಷೆಯಲ್ಲಿ ಒಂದು ಹೆಸರು ದೊರೆತದ್ದು ಇಲ್ಲಿ. 'ಕದೀಂ' ಎಂಬ ಒಣ ಪಾರಿಭಾಷಿಕ ಪದದ ಹಿಂದೆ ತಲೆಮಾರುಗಳ ದುಡಿಮೆಗೆ ಸಂದ ಮನ್ನಣೆಯಿದೆ.

ಧಾರ್ಮಿಕ ಇನಾಮುಗಳನ್ನು ಮುಟ್ಟುವುದು ಸುಲಭದ ಮಾತಾಗಿರಲಿಲ್ಲ. ದೇವರ ಭೂಮಿಯನ್ನು ಸರ್ಕಾರ ಪಡೆಯುವುದೆಂದರೆ ಶಿಲಾಶಾಸನದ ಶಾಪವನ್ನು ತಲೆಯ ಮೇಲೆ ಹೊತ್ತುಕೊಂಡಂತೆ ಎಂದು ನಂಬುವ ಜನರೇ ಹೆಚ್ಚಾಗಿದ್ದ ಕಾಲವದು. ಈ ಶಾಸನ ದೇವಾಲಯ, ಮಠ, ಬಸದಿಗಳಲ್ಲಿ ಭೇದವೆಣಿಸಲಿಲ್ಲ. ಶೃಂಗೇರಿಯ ಜಾಗೀರು ಕೊನೆಗೊಂಡದ್ದೂ ಇದೇ ಸಾಲಿನ ಕಾನೂನುಗಳಿಂದ. ಹೀಗಿದ್ದೂ 1957ರ ಚುನಾವಣೆಯಲ್ಲಿ ಮಂಜಪ್ಪನವರು ಆಯ್ಕೆಯಾಗಿ ಬಂದದ್ದು ಶೃಂಗೇರಿ ಕ್ಷೇತ್ರದಿಂದಲೇ. ಗುರುಪೀಠದ ಮೇಲಿನ ಭಕ್ತಿ ಮತ್ತು ಭೂಮಿಯ ಮೇಲಿನ ಹಕ್ಕು ಬೇರೆ ಬೇರೆ ಎಂಬ ವಿವೇಕ ಆ ಸೀಮೆಯ ಮತದಾರರಿಗೆ ಇತ್ತೆಂದು ಇದರಿಂದ ಊಹಿಸಬಹುದು.

73 ದಿನಗಳು

1955ರ ಸೆಪ್ಟೆಂಬರಿನಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ತನ್ನ ವರದಿಯನ್ನು ಒಪ್ಪಿಸಿತು. ಕನ್ನಡ ಪ್ರದೇಶಗಳನ್ನೆಲ್ಲ ಒಂದುಗೂಡಿಸುವ ಪ್ರಸ್ತಾಪಕ್ಕೆ ಹಳೆಯ ಮೈಸೂರಿನಲ್ಲಿ ಎಲ್ಲರ ಒಪ್ಪಿಗೆ ಇರಲಿಲ್ಲ. ಹಿಂದುಳಿದ ಪ್ರದೇಶಗಳ ಭಾರವನ್ನು ಮೈಸೂರು ಹೊರಬೇಕಾದೀತೆಂಬ ಆತಂಕವೂ, ರಾಜಕೀಯದಲ್ಲಿ ಪ್ರಾಬಲ್ಯ ತಪ್ಪೀತೆಂಬ ಅಳುಕೂ ಬೆರೆತಿದ್ದವು. ಹನುಮಂತಯ್ಯನವರು ತಮ್ಮ ಪ್ರದೇಶದ ಹಲವರ ಅಸಮಾಧಾನವನ್ನು ಲೆಕ್ಕಿಸದೆ ಏಕೀಕರಣವನ್ನು ಬೆಂಬಲಿಸಿದರು. ಪಕ್ಷದೊಳಗಿನ ಭಿನ್ನಮತ ಬಲವಾಗಿ, 1956ರ ಆಗಸ್ಟಿನಲ್ಲಿ ಅವರು ಅಧಿಕಾರವನ್ನು ಬಿಡಬೇಕಾಯಿತು. ಆಗಸ್ಟ್ 19ರಂದು ಮಂಜಪ್ಪನವರು ಮುಖ್ಯಮಂತ್ರಿಯಾದರು.

ಅಧಿಕಾರ ಸ್ವೀಕರಿಸುವಾಗಲೇ ಅದರ ಕೊನೆ ಬಹುಮಟ್ಟಿಗೆ ಗೊತ್ತಿತ್ತು. ರಾಜ್ಯ ಪುನರ್ವಿಂಗಡಣಾ ಮಸೂದೆ ಆಗಸ್ಟ್ 31ರಂದು ಶಾಸನವಾಯಿತು. ನವೆಂಬರ್ 1 ಹೊಸ ರಾಜ್ಯ ಉದಯಿಸುವ ದಿನವೆಂದು ನಿಶ್ಚಯವಾಯಿತು. ಅಂದರೆ ಮಂಜಪ್ಪನವರು ಯಾವ ರಾಜ್ಯದ ಮುಖ್ಯಮಂತ್ರಿಯೋ ಆ ರಾಜ್ಯವೇ ಆ ದಿನ ಇಲ್ಲವಾಗಬೇಕಿತ್ತು. ಮುಂಬಯಿ ರಾಜ್ಯದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನ ಗುಲ್ಬರ್ಗ, ರಾಯಚೂರು, ಬೀದರ, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು. ಇವೆಲ್ಲ ಮೈಸೂರಿನೊಡನೆ ಸೇರಬೇಕು. ಐದು ಆಡಳಿತಗಳ ನೌಕರವರ್ಗ, ಕಡತ, ಕಾನೂನು, ಲೆಕ್ಕಪತ್ರ ಒಂದೆಡೆಗೆ ಬರಬೇಕು. ಕಾಸರಗೋಡು ಮಾತ್ರ ಕೇರಳದ ಪಾಲಾಗಿ, ಅಲ್ಲಿನ ಕನ್ನಡಿಗರ ನೋವು ಶಾಶ್ವತವಾಗಿ ಉಳಿಯಿತು.

ಇಂಥ ಹೊತ್ತಿನಲ್ಲಿ ಹಳೆಯ ಮೈಸೂರಿನ ಮುಖ್ಯಮಂತ್ರಿಯಾದವರು ಏಕೀಕರಣ-ವಿರೋಧಿ ಭಾವನೆಯನ್ನು ಕೆರಳಿಸಿ, ಬಣ ಕಟ್ಟಿ, ಹೊಸ ರಾಜ್ಯದ ನಾಯಕತ್ವಕ್ಕೆ ಪಟ್ಟು ಹಿಡಿಯಲು ಅವಕಾಶವಿತ್ತು. ಮಂಜಪ್ಪನವರ ಹೆಸರಿನೊಂದಿಗೆ ಅಂಥ ಹಣಾಹಣಿಯ ಕಥೆ ಸೇರಿಕೊಂಡಿಲ್ಲ. ವಿಸ್ತೃತ ರಾಜ್ಯದ ಶಾಸಕರು ಏಕೀಕರಣ ಚಳವಳಿಯಲ್ಲಿ ದುಡಿದಿದ್ದ ನಿಜಲಿಂಗಪ್ಪನವರನ್ನು ನಾಯಕರನ್ನಾಗಿ ಆರಿಸಿದರು. ಅಕ್ಟೋಬರ್ 31ರಂದು ಮಂಜಪ್ಪನವರ ಅಧಿಕಾರ ಮುಗಿಯಿತು. ಮರುದಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ವಿಶಾಲ ಮೈಸೂರನ್ನು ಉದ್ಘಾಟಿಸಿದರು. ನಿನ್ನೆಯವರೆಗೆ ಮುಖ್ಯಮಂತ್ರಿಯಾಗಿದ್ದವರು ಹೊಸ ಮುಖ್ಯಮಂತ್ರಿಯ ಕೈಕೆಳಗೆ ಮತ್ತೆ ಕಂದಾಯ ಖಾತೆಯ ಹೊಣೆ ಹೊತ್ತರು. ಪದವಿಯ ದೃಷ್ಟಿಯಿಂದ ಅದು ಇಳಿಯುವಿಕೆ, ಕೆಲಸದ ದೃಷ್ಟಿಯಿಂದ ಮರಳುವಿಕೆ.

ಸ್ವೀಡನ್ನಿನ ಒಂದು ಹೋಲಿಕೆ

ಈ ಬಗೆಯ ಬದುಕಿಗೆ ದೂರದ ಸ್ವೀಡನ್ನಿನಲ್ಲಿ ಒಂದು ಸಮಾನ ಉದಾಹರಣೆ ಇದೆ. 1936ರ ಬೇಸಿಗೆಯಲ್ಲಿ ಪೆರ್ ಅಲ್ಬಿನ್ ಹಾನ್ಸನ್ ಅವರ ಸರ್ಕಾರ ರಾಜೀನಾಮೆ ಕೊಟ್ಟಾಗ ರೈತಪಕ್ಷದ ನಾಯಕ ಅಕ್ಸೆಲ್ ಪೆರ್ಶೋನ್ ಪ್ರಧಾನಿಯಾದರು. ಅವರು ದಕ್ಷಿಣದ ಸ್ಕೋನೆ ಪ್ರಾಂತದ ಕೃಷಿಕರು. ಅವರ ಹೊಲಮನೆಯ ಹೆಸರು ಬ್ರಾಮ್‌ಸ್ಟೋರ್ಪ್. ಜನ ಅವರನ್ನು ಆ ಹೆಸರಿನಿಂದಲೇ ಗುರುತಿಸಿದರು, ಚರಿತ್ರೆಯಲ್ಲಿಯೂ ಅವರು ಪೆರ್ಶೋನ್-ಬ್ರಾಮ್‌ಸ್ಟೋರ್ಪ್ ಆಗಿಯೇ ಉಳಿದಿದ್ದಾರೆ. ಕಡಿದಾಳ್ ಎಂಬ ಮನೆಯ ಹೆಸರು ಮಂಜಪ್ಪನವರೊಡನೆ ಉಳಿದಂತೆಯೇ ಇದು.

ಜೂನ್ 19ರಿಂದ ಸೆಪ್ಟೆಂಬರ್ 28ರವರೆಗೆ, ಸುಮಾರು ನೂರು ದಿನ ಮಾತ್ರ ಅವರ ಸರ್ಕಾರ ಬಾಳಿತು. ಸಂಸತ್ತಿನ ಬೇಸಿಗೆಯ ಬಿಡುವಿನಲ್ಲಿ ನಡೆದ ಆಡಳಿತವಾದ್ದರಿಂದ ಅದಕ್ಕೆ 'ರಜಾಕಾಲದ ಸರ್ಕಾರ' ಎಂಬ ಅಡ್ಡಹೆಸರು ಬಂದಿತು. ಚುನಾವಣೆಯ ನಂತರ ಹಾನ್ಸನ್ ಮತ್ತೆ ಪ್ರಧಾನಿಯಾದಾಗ ಪೆರ್ಶೋನ್ ಮುನಿಸಿಕೊಂಡು ಹೊಲಮನೆಗೆ ಹಿಂದಿರುಗಲಿಲ್ಲ. ಅದೇ ಸಂಪುಟದಲ್ಲಿ ಕೃಷಿ ಸಚಿವರಾಗಿ 1945ರವರೆಗೂ ದುಡಿದರು. ಮಹಾಯುದ್ಧದ ಕಷ್ಟದ ವರ್ಷಗಳಲ್ಲಿ ಆ ದೇಶದ ಕೃಷಿಯ ಹೊಣೆ ಅವರ ಮೇಲಿತ್ತು. ಸ್ವೀಡನ್ನಿನ ಚರಿತ್ರೆಕಾರರಿಗೆ ಅವರು ನೂರು ದಿನಗಳ ಪ್ರಧಾನಿಯಾಗಿರುವುದಕ್ಕಿಂತ ಮುಖ್ಯವಾಗಿ ರೈತರನ್ನೂ ಕಾರ್ಮಿಕರನ್ನೂ ಒಂದೇ ಸರ್ಕಾರದೊಳಗೆ ಕೂಡಿಸಿದ ನಾಯಕರು.

ಇಬ್ಬರಿಗೂ ಉನ್ನತ ಪದವಿ ಮಧ್ಯಂತರದ್ದು, ಖಾತೆ ಜೀವಮಾನದ್ದು. ವ್ಯತ್ಯಾಸವೂ ಇದೆ. ಪೆರ್ಶೋನ್ ತಮ್ಮದೇ ಪಕ್ಷದ ಮುಖ್ಯಸ್ಥರಾಗಿದ್ದು, ಆ ಬಲದಿಂದಲೇ ಸಂಪುಟದಲ್ಲಿ ಪಾಲುದಾರರಾದರು. ಮಂಜಪ್ಪನವರಿಗೆ ಅಂಥ ಸ್ವಂತ ಪಕ್ಷದ ನೆಲೆ ಇರಲಿಲ್ಲ. ಭೂಮಾಲೀಕರೂ ಗೇಣಿದಾರರೂ ಒಂದೇ ಸೂರಿನಡಿ ಇದ್ದ ಕಾಂಗ್ರೆಸ್ಸಿನೊಳಗೆ ನಿಂತು ಅವರು ಭೂಸುಧಾರಣೆಯ ಮಾತನಾಡಬೇಕಾಗಿತ್ತು. ಅವರ ಶಾಸನಗಳ ಮಿತಿಗಳ ಮೂಲವನ್ನು ಇಲ್ಲಿಯೂ ಹುಡುಕಬೇಕು.

ಅರ್ಧ ತೆರೆದ ಬಾಗಿಲು

ಏಕೀಕರಣದ ಮರುದಿನದಿಂದಲೇ ಹೊಸ ರಾಜ್ಯದಲ್ಲಿ ಹಲವು ಭೂಕಾನೂನುಗಳು ಒಟ್ಟಿಗೆ ಜಾರಿಯಲ್ಲಿದ್ದವು. ಮುಂಬಯಿ ಭಾಗದಲ್ಲಿ 1948ರ ಗೇಣಿ ಶಾಸನ, ಹೈದರಾಬಾದ್ ಭಾಗದಲ್ಲಿ 1950ರ ಶಾಸನ, ದಕ್ಷಿಣ ಕನ್ನಡದಲ್ಲಿ ಮದರಾಸಿನ ಕಾನೂನು, ಹಳೆಯ ಮೈಸೂರಿನಲ್ಲಿ 1952ರ ಶಾಸನ. ಗೇಣಿದಾರನ ಹಕ್ಕು ಅವನು ಯಾವ ಹಳೆಯ ಗಡಿಯ ಒಳಗೆ ಹುಟ್ಟಿದ್ದಾನೆ ಎಂಬುದರ ಮೇಲೆ ನಿಂತಿತ್ತು. ಇವುಗಳನ್ನು ಏಕರೂಪಕ್ಕೆ ತರಲು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ಶಿಫಾರಸುಗಳ ಆಧಾರದ ಮೇಲೆ 1958ರಲ್ಲಿ ಮಸೂದೆ ಸಿದ್ಧವಾಗಿ, ಮಂಜಪ್ಪನವರು ಕಂದಾಯ ಸಚಿವರಾಗಿ ಅದರ ಹೊಣೆ ಹೊತ್ತು, 1961ರ ಮೈಸೂರು ಭೂಸುಧಾರಣಾ ಶಾಸನವಾಗಿ ರೂಪುಗೊಂಡಿತು.

ಶಾಸನದ ಸಾಧನೆಗಳು ಗಣನೀಯ. ಇಡೀ ರಾಜ್ಯಕ್ಕೆ ಒಂದೇ ಕಾನೂನು ಬಂದಿತು. ಗೇಣಿಯು ಉತ್ಪನ್ನದ ನಾಲ್ಕನೆಯ ಒಂದು ಅಥವಾ ಐದನೆಯ ಒಂದು ಭಾಗವನ್ನು ಮೀರಬಾರದೆಂದು ನಿಗದಿಯಾಯಿತು. ಕುಟುಂಬವೊಂದು ಹೊಂದಬಹುದಾದ ಭೂಮಿಗೆ 27 ಪ್ರಮಾಣಿತ ಎಕರೆಗಳ ಮಿತಿ ಬಂದಿತು. ಆದರೆ ಬಾಗಿಲು ಅರ್ಧ ಮಾತ್ರ ತೆರೆಯಿತು. 'ಸ್ವಂತ ಸಾಗುವಳಿ'ಯ ಹೆಸರಿನಲ್ಲಿ ಮಾಲೀಕನು ಗೇಣಿಗೆ ಕೊಟ್ಟ ಭೂಮಿಯ ಒಂದು ಭಾಗವನ್ನು ಹಿಂದಕ್ಕೆ ಪಡೆಯಬಹುದಿತ್ತು. ಕಾಫಿ, ಏಲಕ್ಕಿ, ಮೆಣಸು, ಚಹಾ, ರಬ್ಬರ್ ತೋಟಗಳಿಗೆ ವಿನಾಯಿತಿ ಇತ್ತು; ಕೊಪ್ಪ, ಶೃಂಗೇರಿಗಳಂಥ ತೋಟದ ಸೀಮೆಯಲ್ಲಿ ಈ ವಿನಾಯಿತಿಯ ಅರ್ಥ ದೊಡ್ಡದು. ಶಾಸನ ಜಾರಿಗೆ ಬಂದದ್ದೂ 1965ರ ಅಕ್ಟೋಬರ್ 2ರಂದು. ನಡುವಿನ ವರ್ಷಗಳು ಭೂಮಿಯನ್ನು ಹಂಚಿ ಬರೆಸಿಕೊಳ್ಳಲು, ಬಾಯಿಮಾತಿನ ಗೇಣಿದಾರನನ್ನು ಎಬ್ಬಿಸಲು ಸಾಕಷ್ಟು ಕಾಲಾವಕಾಶ ಕೊಟ್ಟವು. ಇದಕ್ಕೂ ಮೊದಲೇ, ಮುಂಬಯಿ ಭಾಗದ ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಬೇಕಿದ್ದ ಅಲ್ಲಿಯ ಕಾನೂನಿನ ಕೆಲವು ವಿಧಿಗಳನ್ನು 1957ರ ಮೈಸೂರು ಶಾಸನವೊಂದು ಅಮಾನತಿನಲ್ಲಿಟ್ಟಿತ್ತು. ಏಕರೂಪದ ಕಾನೂನಿಗಾಗಿ ಕಾಯಬೇಕೆಂಬುದು ಅದಕ್ಕೆ ಸಮರ್ಥನೆಯಾಗಬಹುದು. ಆದರೆ ಕಾದವನು ಗೇಣಿದಾರ. ಮಂಜಪ್ಪನವರ ಚರಿತ್ರೆ ಬರೆಯುವವರು ಈ ಸಂಗತಿಯನ್ನು ಬದಿಗಿಡುವಂತಿಲ್ಲ.

ಬಾಗಿಲು ಪೂರ್ತಿ ತೆರೆದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಭೂನ್ಯಾಯಮಂಡಳಿಗಳ ಮುಂದೆ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಅರಸರ ಹೆಸರಿನೊಂದಿಗೆ ಸೇರಿಹೋಯಿತು. ಅದು ನ್ಯಾಯವೇ. ಆದರೆ ಅರಸರು ತಂದದ್ದು ತಿದ್ದುಪಡಿ. ತಿದ್ದಲು ಬೇಕಾದ ಮೂಲಪಾಠವು ಅದಕ್ಕೆ ಹಿಂದಿನ ದಶಕದಲ್ಲಿಯೇ ಸಿದ್ಧವಾಗಿತ್ತು. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಮೂಲಪಾಠದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆ ತೆತ್ತವರು

ಈ ಸುಧಾರಣೆಗೆ ಬೆಲೆಯೂ ಇತ್ತು. ದೇವಾಲಯ, ಬಸದಿಗಳ ಭೂಮಿ ಹೋದ ಮೇಲೆ ಗದ್ದೆಯಿಂದ ಬರುತ್ತಿದ್ದ ಅಕ್ಕಿಯ ಜಾಗದಲ್ಲಿ ಸರ್ಕಾರದ 'ತಸ್ತೀಕು' ಎಂಬ ವಾರ್ಷಿಕ ನಗದು ಬಂದಿತು. ಭತ್ತದ ಬೆಲೆ ಏರುತ್ತ ಹೋಯಿತು, ತಸ್ತೀಕಿನ ಹಣ ಅದರ ಬೆನ್ನು ಹಿಡಿಯಲಿಲ್ಲ. ದೊಡ್ಡ ಕ್ಷೇತ್ರಗಳಿಗೆ ಭಕ್ತರ ಕಾಣಿಕೆಯಿತ್ತು. ಶ್ರಾವಕರ ಮನೆಗಳೇ ವಿರಳವಾಗಿದ್ದ ಊರುಗಳ ಸಣ್ಣ ಬಸದಿಗಳಲ್ಲಿ ದೀಪದ ಎಣ್ಣೆಗೂ ಕಷ್ಟವಾಯಿತು. ದೇವರ ಭೂಮಿಯನ್ನು ಉತ್ತವನಿಗೆ ನ್ಯಾಯ ದೊರಕಿಸುವಾಗ ದೇವರ ದೀಪಕ್ಕೆ ಬದಲಿ ಏರ್ಪಾಡನ್ನು ಅಷ್ಟೇ ಎಚ್ಚರದಿಂದ ಮಾಡಬೇಕಾಗಿತ್ತು ಎಂಬ ಟೀಕೆಯಲ್ಲಿ ಹುರುಳಿದೆ.

ಆದರೂ ಈ ಶಾಸನಗಳು ಧರ್ಮಕ್ಕೆ ಹೊರಗಿನವು ಎಂಬ ವಾದ ಜೈನ ಪರಂಪರೆಯ ದೃಷ್ಟಿಯಿಂದ ನಿಲ್ಲುವುದಿಲ್ಲ. ಗೃಹಸ್ಥನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ತನ್ನ ಸೊತ್ತಿಗೆ ತಾನೇ ಮಿತಿಯನ್ನು ಹಾಕಿಕೊಳ್ಳುವುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತದ ಅತಿಚಾರಗಳನ್ನು ಹೇಳುವಾಗ ಮಿತಿ ಮೀರಬಾರದ ವಸ್ತುಗಳ ಸಾಲಿನಲ್ಲಿ ಮೊದಲು ಹೆಸರಿಸುವುದು ಕ್ಷೇತ್ರವನ್ನು, ಅಂದರೆ ಹೊಲವನ್ನು. ಚಿನ್ನ, ಬೆಳ್ಳಿಗಳು ಅನಂತರದವು. ಭೂಮಿಯ ಮೇಲಿನ ಮಮಕಾರವೇ ಪರಿಗ್ರಹಗಳಲ್ಲಿ ಮೊದಲನೆಯದೆಂದು ಆಚಾರ್ಯರು ಅರಿತಿದ್ದರು. 27 ಪ್ರಮಾಣಿತ ಎಕರೆಯ ಮಿತಿ ಅದೇ ವಿಚಾರದ ಲೌಕಿಕ ರೂಪ. ವ್ರತವನ್ನು ಮನುಷ್ಯ ತಾನಾಗಿ ತೊಡುತ್ತಾನೆ, ಕಾನೂನನ್ನು ಅವನ ಮೇಲೆ ಹೊರಿಸಲಾಗುತ್ತದೆ. ಒಳಗಿನ ಮಿತಿ ಇಲ್ಲದ ಕಡೆ ಹೊರಗಿನ ಮಿತಿ ಬೇಕಾಗುತ್ತದೆ. ಒಳಗಿನ ಮಿತಿ ಇಲ್ಲದ್ದರಿಂದಲೇ ಹೊರಗಿನ ಮಿತಿಯನ್ನು ನುಸುಳುವ ದಾರಿಗಳನ್ನೂ ಜನ ಹುಡುಕುತ್ತಾರೆ. 1961ರ ಶಾಸನಕ್ಕೆ ಆದದ್ದು ಇದೇ.

ನನಸಾಗದ ಕನಸು

ಮಂಜಪ್ಪನವರು ಸಾಹಿತ್ಯಾಸಕ್ತರೂ ಆಗಿದ್ದರು. 'ಪಂಜರವಳ್ಳಿಯ ಪಂಜು' ಎಂಬ ಕಾದಂಬರಿಯನ್ನು ಬರೆದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ನನಸಾಗದ ಕನಸು'. ರಾಜಕಾರಣಿಗಳ ಆತ್ಮಕಥೆಗಳು ಸಾಮಾನ್ಯವಾಗಿ ಸಾಧನೆಯನ್ನು ಸಾರುವ ಹೆಸರು ಹೊತ್ತಿರುತ್ತವೆ. ಒಂದು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ತಮ್ಮ ಬದುಕನ್ನು ಈಡೇರದ ಕನಸೆಂದು ಕರೆದುಕೊಂಡ ನಿದರ್ಶನ ವಿರಳ. ಸರಳತೆ ಮತ್ತು ಪ್ರಾಮಾಣಿಕತೆಗಳಿಗೆ ಹೆಸರಾಗಿದ್ದ ಅವರು 1992ರಲ್ಲಿ ನಿಧನರಾದರು.

ಕರ್ನಾಟಕದಲ್ಲಿ ಅಲ್ಪಾವಧಿಯ ಮುಖ್ಯಮಂತ್ರಿಗಳು ಅವರೊಬ್ಬರೇ ಅಲ್ಲ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಎಸ್.ಆರ್. ಕಂಠಿಯವರು ಮಾರ್ಚ್ 14ರಿಂದ ಜೂನ್ 20ರವರೆಗೆ ಆ ಸ್ಥಾನವನ್ನು ಕಾದು, ನಿಜಲಿಂಗಪ್ಪನವರು ಉಪಚುನಾವಣೆಯಲ್ಲಿ ಗೆದ್ದು ಬಂದೊಡನೆ ಬಿಟ್ಟುಕೊಟ್ಟರು. ಮುಂದಿನ ದಶಕಗಳಲ್ಲಿ ವಾರ ತುಂಬುವುದರೊಳಗೆ ಮುಗಿದ ಆಡಳಿತವನ್ನೂ ಈ ರಾಜ್ಯ ಕಂಡಿದೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅಲ್ಪಾವಧಿಯಲ್ಲಿಯೂ ಎರಡು ಬಗೆ ಕಾಣುತ್ತವೆ: ಕಿತ್ತುಕೊಳ್ಳಲಾದ ಅಧಿಕಾರ ಒಂದು, ಒಪ್ಪಿಸಲಾದ ಅಧಿಕಾರ ಇನ್ನೊಂದು. ಮಂಜಪ್ಪನವರದು ಎರಡನೆಯ ಬಗೆಯದು. ಒಂದು ರಾಜ್ಯವನ್ನು ಅದಕ್ಕಿಂತ ದೊಡ್ಡದಾದ ರಾಜ್ಯದೊಳಗೆ ಸದ್ದಿಲ್ಲದೆ ಸೇರಿಸಿ ಅವರು ಪಕ್ಕಕ್ಕೆ ಸರಿದರು.

ಹಳೆಯ ಮೈಸೂರಿನ ಇನಾಂ ಗ್ರಾಮಗಳ ಹಳೆಯ ದಾಖಲೆಗಳಲ್ಲಿ ಮಠದ, ಬಸದಿಯ, ಇನಾಮುದಾರನ ಹೆಸರಿದ್ದ ಕಲಮಿನಲ್ಲಿ ಈಗ ಅಲ್ಲಿ ಉಳುತ್ತಿದ್ದವರ ಮಕ್ಕಳು, ಮೊಮ್ಮಕ್ಕಳ ಹೆಸರುಗಳಿವೆ. ಎಲ್ಲ ಗೇಣಿದಾರರ ಹೆಸರುಗಳೂ ಅಲ್ಲಿಗೆ ಬರಲಿಲ್ಲ. ಬಾಯಿಮಾತಿನ ಗೇಣಿಯನ್ನು ನಂಬಿ ಎದ್ದುಹೋದವರ ಹೆಸರುಗಳು ಶಿಲಾಶಾಸನದಲ್ಲಿಯೂ ಇಲ್ಲ, ಪಹಣಿಯಲ್ಲಿಯೂ ಇಲ್ಲ. ಆತ್ಮಕಥೆಯ ಶೀರ್ಷಿಕೆಯಲ್ಲಿರುವ ಆ ಕನಸು ಎಷ್ಟರಮಟ್ಟಿಗೆ ನನಸಾಯಿತು, ಎಷ್ಟು ಉಳಿಯಿತು ಎಂಬುದನ್ನು ಅಳೆಯಲು 73 ದಿನಗಳ ಲೆಕ್ಕ ಸಾಲದು. ಅದಕ್ಕೆ ಮೇಗುಂದದಂಥ ಒಂದೊಂದು ಸೀಮೆಯ ಗೇಣಿಯ ದಾಖಲೆಗಳನ್ನು ದತ್ತಿಶಾಸನಗಳ ಜೊತೆಗಿಟ್ಟು ಓದುವ ಕೆಲಸ ನಡೆಯಬೇಕು. ಸಂಶೋಧಕರ ಮುಂದೆ ಆ ಕ್ಷೇತ್ರ ಇನ್ನೂ ಬಹುಮಟ್ಟಿಗೆ ಬೀಳಾಗಿಯೇ ಇದೆ.